ಲೇಖಕರು ಬಂದರು, ಪುಸ್ತಕ ಕಪಾಟಿನಲ್ಲೇ ಉಳಿದವು: ಗ್ರಂಥಾಲಯದ ಉಪನ್ಯಾಸವೊಂದರ ಪ್ರಕರಣ ಅಧ್ಯಯನ

ಧಾರವಾಡದಲ್ಲಿ ಭಾಷಣಕ್ಕೆ ಬರವಿಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಅಲ್ಲಿಂದ ಈಚೆಗೆ ಊರು ಸಭೆ ಕೇಳಿಯೇ ಬೆಳೆದಿದೆ. ಆಲೂರು ವೆಂಕಟರಾವ್ ಭವನವಿದೆ, ರಂಗಾಯಣವಿದೆ, ಕಾಲೇಜಿಗೊಂದು ಸಭಾಗೃಹವಿದೆ. 2013ರಿಂದ ಕೆಲವು ವರ್ಷ ಸಾಹಿತ್ಯ ಸಂಭ್ರಮವನ್ನೂ ಊರು ಕಂಡಿತು. ಇಂಥ ಕಡೆ ವಿಶ್ವವಿದ್ಯಾಲಯದ ಗ್ರಂಥಾಲಯವೊಂದು ಲೇಖಕರನ್ನು ಕರೆಸಿದರೆ ಅದು ಹತ್ತರ ಜೊತೆ ಹನ್ನೊಂದನೆಯ ಸಭೆ ಆಗುವ ಸಾಧ್ಯತೆಯೇ ಹೆಚ್ಚು. ಬೇರೆ ವೇದಿಕೆಗಳಿಗಿಲ್ಲದ, ಗ್ರಂಥಾಲಯಕ್ಕೆ ಮಾತ್ರ ಇರುವ ಬಲ ಒಂದೇ: ಆ ಲೇಖಕರ ಪುಸ್ತಕಗಳು, ಅವುಗಳ ಬಗ್ಗೆ ಹಳೆಯ ನಿಯತಕಾಲಿಕೆಗಳಲ್ಲಿ ಬಂದ ಬರಹಗಳು, ಕೂತು ಓದುವ ಜಾಗ. ಈ ಪ್ರಕರಣದಲ್ಲಿ ಮೊದಲ ಸಲ ಕೈಬಿಟ್ಟದ್ದು ಅದನ್ನೇ.

ಗ್ರಂಥಾಲಯದ ಹೆಸರು ಇಲ್ಲಿ ಬೇಕಿಲ್ಲ. ಈ ಭಾಗದ ವಿಶ್ವವಿದ್ಯಾಲಯ ಗ್ರಂಥಾಲಯಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಗ್ರಂಥಾಲಯದ ಎರಡು ಕಾರ್ಯಕ್ರಮಗಳ ಮೇಲೆ ಕೂಡಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಕುರ್ಚಿ, ನಿಮಿಷ, ಪ್ರತಿಗಳ ಲೆಕ್ಕವನ್ನು ಹಾಗೆಂದೇ ಓದಬೇಕು.

ಮೊದಲ ಕಾರ್ಯಕ್ರಮ

ನವೆಂಬರ್ 14ರಿಂದ 20 ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಅನುದಾನ ಖರ್ಚಾಗಬೇಕು, ವರದಿಗೆ ಫೋಟೋ ಬೇಕು. ಆ ವಾರದಲ್ಲೇ ಬೆಂಗಳೂರಿನ ಕಾದಂಬರಿಕಾರರೊಬ್ಬರನ್ನು ಕರೆಸಿದರು. ಸಂಜೆ 4ಕ್ಕೆ ಎಂದು ಆಮಂತ್ರಣ ಪತ್ರಿಕೆ. ಮೊದಲ ಮಹಡಿಯ ಸಭಾಕೊಠಡಿ, 120 ಕುರ್ಚಿ. ಕುಲಪತಿಗಳ ಹಿಂದಿನ ಸಭೆ ತಡವಾದ್ದರಿಂದ ಶುರುವಾದದ್ದು 4:35ಕ್ಕೆ. ಪ್ರಾರ್ಥನೆ, ಸ್ವಾಗತ, ಸಸಿಗೆ ನೀರೆರೆದು ಉದ್ಘಾಟನೆ, ಪ್ರಾಸ್ತಾವಿಕ, ಅತಿಥಿ ಪರಿಚಯ, ಇಬ್ಬರು ಮುಖ್ಯ ಅತಿಥಿಗಳ ಮಾತು, ಸನ್ಮಾನ. ಒಂದೊಂದಕ್ಕೂ ಆರೇಳು ನಿಮಿಷ ಅಂದರೂ ಐವತ್ತು ನಿಮಿಷ ಹೋಯಿತು. ಲೇಖಕರ ಕೈಗೆ ಮೈಕು ಬಂದಾಗ 5:25. ಆರು ಗಂಟೆಗೆ ಹಾಸ್ಟೆಲಿನವರು ಎದ್ದರು, ಹುಬ್ಬಳ್ಳಿಯಿಂದ ಬಂದವರು ಚಿಗರಿ ಬಸ್ಸಿಗೆ ಎದ್ದರು. ಎರಡು ಪ್ರಶ್ನೆ ಬಂದವು. ಅದರಲ್ಲೊಂದು ಪ್ರಶ್ನೆಯಲ್ಲ, ಎಂಟು ನಿಮಿಷದ ಭಾಷಣ. ಆಮೇಲೆ ಅಧ್ಯಕ್ಷೀಯ ನುಡಿ, ಖಾಲಿ ಕುರ್ಚಿಗಳಿಗೆ.

ಎಲ್ಲ ಸಭೆಗೂ ಇರುವ ಗೋಳು ಇದು ಎಂದು ಬಿಡಬಹುದಿತ್ತು. ಬಿಡಲಾಗದ್ದು ಬೇರೆ ಇತ್ತು. ಕಾರ್ಯಕ್ರಮದ ಮರುದಿನ ಒಬ್ಬ ಎಂ.ಎ. ವಿದ್ಯಾರ್ಥಿನಿ ಕೌಂಟರಿಗೆ ಬಂದು ಆ ಲೇಖಕರ ಕಾದಂಬರಿ ಕೇಳಿದಳು. ಕಂಪ್ಯೂಟರಿನ ಪುಸ್ತಕ ಸೂಚಿಯಲ್ಲಿ ಹುಡುಕಿದರೆ ಮೂರು ಶೀರ್ಷಿಕೆ ಬಂದವು, ಅವಳಿಗೆ ಬೇಕಾದ್ದು ಬರಲಿಲ್ಲ. ಇಲ್ಲವೆಂದು ಹೇಳಿ ಕಳಿಸಿದರು. ವಾರದ ಮೇಲೆ ಕಪಾಟು ತಿರುವಿದಾಗ ಅದೇ ಲೇಖಕರ ಹನ್ನೊಂದು ಪುಸ್ತಕ ಸಿಕ್ಕವು. ಅವಳು ಕೇಳಿದ್ದೂ ಅಲ್ಲೇ ಇತ್ತು, ಹತ್ತಾರು ವರ್ಷದಿಂದ ದಿನಾಂಕದ ಮುದ್ರೆ ಬೀಳದೆ.

ಉಳಿದವು ಸಣ್ಣಪುಟ್ಟವಲ್ಲ, ಆದರೆ ಎಲ್ಲರಿಗೂ ಗೊತ್ತಿರುವಂಥವು. ಹಿಂದಿನ ಸಾಲಿನಲ್ಲಿ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ಮಾಡಿದ ರೆಕಾರ್ಡಿಂಗಿನಲ್ಲಿ ಫ್ಯಾನಿನ ಸದ್ದು ಲೇಖಕರಿಗಿಂತ ಚೆನ್ನಾಗಿ ಕೇಳುತ್ತಿತ್ತು. ಊರಿನ ಹಿರಿಯ ಕೇಳುಗರು ಮೆಟ್ಟಿಲು ಹತ್ತಲು ಒದ್ದಾಡಿದರು. ಗೌರವಧನ ಲೇಖಕರ ಖಾತೆಗೆ ಹೋದದ್ದು ನಾಲ್ಕು ತಿಂಗಳ ಮೇಲೆ.

ಸೂಚಿಯಲ್ಲಿ ಎಂಟು ಪುಸ್ತಕ ಕಳೆದದ್ದು ಹೇಗೆ

ಹನ್ನೊಂದರಲ್ಲಿ ಮೂರು ಮಾತ್ರ ಕಂಡದ್ದಕ್ಕೆ ಕಾರಣ ಎರಡು. ಗಣಕೀಕರಣದ ಮೊದಲ ಹಂತದಲ್ಲಿ ಕನ್ನಡ ಪುಸ್ತಕಗಳನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುವುದು ದತ್ತಾಂಶದಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರಿಗೆ ಬದಲಾದ ಮೇಲೆ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಆ ದಾಖಲೆಗಳು ಎಂದಿಗೂ ಸಿಗವು. ಎರಡನೆಯದು ಹೆಸರು. ಒಂದು ದಾಖಲೆಯಲ್ಲಿ ಊರ ಹೆಸರು ಮೊದಲು, ಇನ್ನೊಂದರಲ್ಲಿ ಇನಿಷಿಯಲ್ ಮೊದಲು, ಮತ್ತೊಂದರಲ್ಲಿ ರೋಮನ್ ಲಿಪಿ. ಅದರಲ್ಲೂ ಒಂದು ಕಡೆ ಒಂದು 'ಎ', ಇನ್ನೊಂದು ಕಡೆ ಎರಡು.

ಸರಿಪಡಿಸುವ ಕ್ರಮ ಬೇಸರದ್ದು, ಕಷ್ಟದ್ದಲ್ಲ. ಲೇಖಕರು ಒಪ್ಪಿದ ದಿನವೇ ಅವರ ಇತ್ತೀಚಿನ ಪುಸ್ತಕದ ಕೊನೆಯಲ್ಲಿರುವ ಕೃತಿಪಟ್ಟಿಯ ನಕಲು ತೆಗೆಯಬೇಕು. ಆ ಹಾಳೆ ಹಿಡಿದು ಕಂಪ್ಯೂಟರಿಗಲ್ಲ, ಕಪಾಟಿಗೆ ಹೋಗಬೇಕು. ವಿಷಯವಾರು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಕಾದಂಬರಿ 894.8143. ಅನುವಾದ, ಸಂಪಾದನೆ, ಪ್ರವಾಸಕಥನ ಬೇರೆ ಬೇರೆ ಕಡೆ ಕೂತಿರುತ್ತವೆ. ಅವನ್ನು ಮರೆಯುವುದೇ ಹೆಚ್ಚು. ಸಿಕ್ಕ ಪ್ರತಿಯ ಪರಿಗ್ರಹಣ ಸಂಖ್ಯೆ (ಗ್ರಂಥಾಲಯ ಪ್ರತಿಯೊಂದು ಪ್ರತಿಗೂ ಕೊಡುವ ನೋಂದಣಿ ಸಂಖ್ಯೆ) ಬರೆದುಕೊಂಡು ಆ ಸಂಖ್ಯೆಯಿಂದ ದಾಖಲೆ ತೆರೆಯಬೇಕು. ನುಡಿಯಿಂದ ಯೂನಿಕೋಡಿಗೆ ಪರಿವರ್ತಕ ಬಳಸಬಹುದು, ಆದರೆ ಅರ್ಕಾವೊತ್ತು ಮತ್ತು ಎರಡು ಒತ್ತಿರುವ ಅಕ್ಷರಗಳು ಜಾಗ ತಪ್ಪಿ ಬೀಳುತ್ತವೆ. ಶೀರ್ಷಿಕೆಯನ್ನು ಪುಸ್ತಕದ ಒಳಪುಟದ ಪಕ್ಕ ಇಟ್ಟು ಕಣ್ಣಲ್ಲೇ ನೋಡಬೇಕು. ಹೆಸರಿಗೆ ಒಂದೇ ಅಧಿಕೃತ ರೂಪ ಗೊತ್ತುಮಾಡಿ, ಉಳಿದ ರೂಪಗಳನ್ನೆಲ್ಲ ಅಥಾರಿಟಿ ದಾಖಲೆಯ (ಒಬ್ಬರ ಹೆಸರಿನ ಎಲ್ಲ ರೂಪಗಳನ್ನು ಒಂದೆಡೆ ಕೂಡಿಸುವ ದಾಖಲೆ) 400ನೇ ಕ್ಷೇತ್ರಕ್ಕೆ ಹಾಕಬೇಕು. ಕೋಹಾದಲ್ಲಿ ಆ ರೂಪಗಳನ್ನೂ ಹುಡುಕಾಟಕ್ಕೆ ಸೇರಿಸುವ ಆಯ್ಕೆ ಪ್ರತ್ಯೇಕವಾಗಿದೆ. ಅದನ್ನು ಆನ್ ಮಾಡಿ ಮತ್ತೆ ಇಂಡೆಕ್ಸ್ ಮಾಡದಿದ್ದರೆ ಪಟ್ಟ ಶ್ರಮ ಫಲ ಕೊಡದು.

ಒಬ್ಬ ಲೇಖಕರಿಗೆ ಇದು ಒಬ್ಬ ಸಿಬ್ಬಂದಿಯ ಒಂದು ದಿನದ ಕೆಲಸ. ಇಡೀ ಕನ್ನಡ ವಿಭಾಗದ ದಾಖಲೆ ತಿದ್ದುತ್ತೇವೆ ಎಂದು ಯೋಜನೆ ಬರೆದು ಅನುದಾನಕ್ಕೆ ಕಾಯುವ ಗ್ರಂಥಾಲಯಗಳಿಗಿಂತ, ಕರೆದ ಲೇಖಕರಷ್ಟನ್ನಾದರೂ ತಿದ್ದುತ್ತ ಹೋಗುವ ಗ್ರಂಥಾಲಯ ಮುಂದಿರುತ್ತದೆ.

ಎರಡನೆಯ ಕಾರ್ಯಕ್ರಮ: ಫೆಬ್ರವರಿ

ಅದೇ ಲೇಖಕರನ್ನು ಮತ್ತೆ ಕರೆಸಿದರು. ತಿಂಗಳು ಆರಿಸುವಲ್ಲೇ ಅರ್ಧ ಕೆಲಸ. ಜೂನ್‌ನಿಂದ ಆಗಸ್ಟ್‌ವರೆಗೆ ಧಾರವಾಡದ ಸಂಜೆ ಮಳೆಯದು. ಕೊಡೆ ಹಿಡಿದು ಕ್ಯಾಂಪಸ್ಸಿನ ಏರು ಹತ್ತಿ ಊರಿನವರು ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದ ದಿನ ಬಿದ್ದರೆ ಲಾಡ್ಜಿನಲ್ಲಿ ರೂಮು ಸಿಗದು. ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿಯನ್ನು ಮೌಲ್ಯಮಾಪನ ವಿಭಾಗದಿಂದ ಮೊದಲೇ ಕೇಳಿ ತರಬೇಕು. ಚುನಾವಣೆ ಹತ್ತಿರವಿದ್ದರೆ ನೀತಿ ಸಂಹಿತೆಯ ದಿನಗಳನ್ನೂ ನೋಡಬೇಕು. ಫೆಬ್ರವರಿಯ ಎರಡನೆಯ ವಾರ, ಬುಧವಾರ, 4:30 ಎಂದು ಗೊತ್ತಾಯಿತು. ಹಿಂದಿನ ಸಲಕ್ಕಿಂತ ಅರ್ಧ ಗಂಟೆ ತಡ: ಕೊನೆಯ ತರಗತಿ ಬಿಟ್ಟು ಚಹಾ ಕುಡಿದು ಬರಲು ಅಷ್ಟು ಬೇಕು.

ಜಾಗದ ವಿಷಯಕ್ಕೆ ತಕರಾರು ಎದ್ದಿತು. ಮಹಡಿ ಬೇಡವೆಂದಾದ ಮೇಲೆ ನೆಲಮಹಡಿಯಲ್ಲಿ ಉಳಿದದ್ದು ದೊಡ್ಡ ವಾಚನಾಲಯ, ಇಲ್ಲವೆ ನಿಯತಕಾಲಿಕೆ ವಿಭಾಗ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಊರು ಧಾರವಾಡ. ವಾಚನಾಲಯದಲ್ಲಿ ಬೆಳಿಗ್ಗೆ ಬಂದು ಚೀಲ ಇಟ್ಟು ರಾತ್ರಿವರೆಗೆ ಕೂರುವ ಹುಡುಗ ಹುಡುಗಿಯರಿಗೆ ಸಾಹಿತಿ ಬಂದರೂ ಒಂದೇ, ಮಂತ್ರಿ ಬಂದರೂ ಒಂದೇ. ಅವರನ್ನು ಎಬ್ಬಿಸಿ ಉಪನ್ಯಾಸ ನಡೆಸಿದರೆ ಗ್ರಂಥಾಲಯ ತನ್ನ ನಿತ್ಯದ ಓದುಗರನ್ನೇ ಹೊರಗೆ ಹಾಕಿದಂತೆ. ನಿಯತಕಾಲಿಕೆ ವಿಭಾಗವನ್ನು ಆರಿಸಿದರು. ಮೇಜುಗಳನ್ನು ಗೋಡೆಗೆ ಸರಿಸಿದರೆ 70 ಕುರ್ಚಿ ಹಿಡಿಯುತ್ತದೆ: ಸಾಲಿಗೆ ಹತ್ತು, ಏಳು ಸಾಲು, ನಡುವೆ ನಾಲ್ಕು ಅಡಿ ದಾರಿ, ಬಾಗಿಲ ಹತ್ತಿರದ ಸಾಲಿನ ತುದಿಯಲ್ಲಿ ಗಾಲಿಕುರ್ಚಿಗೆ ಜಾಗ. 120ರಿಂದ 70ಕ್ಕೆ ಇಳಿದದ್ದಕ್ಕೆ ಕೆಲವರು ಬೇಸರಪಟ್ಟರು. ನಮ್ಮ ಅಭಿಪ್ರಾಯದಲ್ಲಿ ಇದು ಲಾಭವೇ: ದೊಡ್ಡ ಕೋಣೆಯನ್ನು ತುಂಬಿಸಲು ವಿಭಾಗಗಳಿಂದ ಹಾಜರಿ ಹಾಕಿ ಹುಡುಗರನ್ನು ಅಟ್ಟಿಕೊಂಡು ಬರುವ ರೂಢಿ ತಾನಾಗಿ ತಪ್ಪಿತು. ವಿಭಾಗದ ಬಾಗಿಲಿಗೆ ಮೂರು ದಿನ ಮೊದಲು ಸೂಚನೆ, ಆ ಸಂಜೆ ಪತ್ರಿಕೆ ಓದುವವರಿಗೆ ಬೇರೆ ಮೇಜು.

ವೇದಿಕೆ ತೆಗೆದದ್ದು ಎಲ್ಲಕ್ಕಿಂತ ಸೂಕ್ಷ್ಮದ ಕೆಲಸ. ನೆಲದ ಮೇಲೆ ಎರಡು ಕುರ್ಚಿ, ಒಂದು ಲೇಖಕರಿಗೆ, ಒಂದು ಸಂವಾದ ನಡೆಸುವವರಿಗೆ. ಕುಲಪತಿ, ಕುಲಸಚಿವರು ಮೊದಲ ಸಾಲಿನಲ್ಲಿ. ಇದನ್ನು ಬಾಯಲ್ಲಿ ಹೇಳಿದರೆ ಅವಮಾನವಾಗಿ ಕೇಳುತ್ತದೆ. ಕಚೇರಿ ಟಿಪ್ಪಣಿಯಲ್ಲೇ ನಿಮಿಷವಾರು ಪಟ್ಟಿ ಬರೆದು ಅನುಮೋದನೆ ಪಡೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕುಲಪತಿಗಳಿಗೆ ಒಂದು ಕೆಲಸ ಮೀಸಲಿಟ್ಟರು: ಲೇಖಕರ ಹೊಸ ಪುಸ್ತಕದ ಗ್ರಂಥಾಲಯ ಪ್ರತಿಯನ್ನು ಒಬ್ಬ ವಿದ್ಯಾರ್ಥಿಗೆ ಅಲ್ಲೇ ಎರವಲು ಕೊಡುವುದು. ಎರಡು ನಿಮಿಷ, ಫೋಟೋವೂ ಬರುತ್ತದೆ. ಹಾರ, ಫಲಪುಷ್ಪ, ನೆನಪಿನ ಕಾಣಿಕೆ ಇಲ್ಲ. ಶಾಲು ಮಾತ್ರ, ಕಾರ್ಯಕ್ರಮ ಮುಗಿದ ಮೇಲೆ ಗ್ರಂಥಪಾಲಕರ ಕೋಣೆಯಲ್ಲಿ, ಜೊತೆಗೆ ಲೈನ್ ಬಜಾರಿನ ಪೇಡೆ. ಸಮಯ ಹೀಗೆ ಹಂಚಿತ್ತು: ಪರಿಚಯ 4 ನಿಮಿಷ, ಲೇಖಕರ ಮಾತು 35, ಸಂವಾದ 25, ಪ್ರಶ್ನೆ 20, ವಂದನೆ 1. ಆರಕ್ಕೆ ಮುಗಿಯುತ್ತದೆ, ಐದು ನಿಮಿಷ ಜಾರಿದರೂ ಬಸ್ಸು ತಪ್ಪದು.

ಪುಸ್ತಕಗಳು ಮೂರು ವಾರ ಮೊದಲೇ ಹೊರಬಂದವು. ಕೌಂಟರಿನ ಎದುರು ಒಂದು ಮೇಜು. ಹನ್ನೊಂದು ಶೀರ್ಷಿಕೆ, ಜೊತೆಗೆ ಹಳೆಯ ನಿಯತಕಾಲಿಕೆಗಳ ಬೌಂಡ್ ಸಂಪುಟಗಳಲ್ಲಿದ್ದ ವಿಮರ್ಶೆಗಳ ಪಟ್ಟಿ, ಸಂಪುಟ ಮತ್ತು ಪುಟಸಂಖ್ಯೆ ಸಮೇತ. ಈ ಪಟ್ಟಿ ಊರಿನ ಇನ್ನಾವ ಸಭಾಭವನವೂ ಕೊಡಲಾರದ್ದು. ಪ್ರತಿ ಶೀರ್ಷಿಕೆಯ ಒಂದು ಪ್ರತಿ ಮೇಜಿನ ಮೇಲೇ ಉಳಿಯುತ್ತದೆ. ಎರಡನೆಯ ಪ್ರತಿ ಇದ್ದರೆ ಮೂರು ದಿನದ ಎರವಲು. ಹದಿನೈದು ದಿನದ ಸಾಮಾನ್ಯ ಎರವಲಿಗೆ ಬಿಟ್ಟರೆ ಇಬ್ಬರೇ ಓದುತ್ತಾರೆ. ಚರ್ಚೆಗೆ ಆರಿಸಿದ ಒಂದು ಕಾದಂಬರಿಗೆ ಮಾತ್ರ ಐದು ಹೆಚ್ಚುವರಿ ಪ್ರತಿ ಕೊಂಡರು. ಪುಸ್ತಕ ಆಯ್ಕೆ ಸಮಿತಿಯ ದಾರಿಯಲ್ಲಿ ಹೋದರೆ ಫೆಬ್ರವರಿಗೆ ಬಾರದು, ಆದ್ದರಿಂದ ಗ್ರಂಥಪಾಲಕರ ಮುಂಗಡದಿಂದ.

ಪ್ರಶ್ನೆಗೆ ಚೀಟಿ ಪದ್ಧತಿ ತಂದರು. ಬಾಗಿಲಲ್ಲಿ ಅಂಗೈಯಗಲದ ಕಾಗದ, ಒಂದು ಪೆನ್ಸಿಲ್. ಪ್ರೊಫೆಸರುಗಳ ಎದುರು ಎದ್ದು ನಿಲ್ಲಲು ಹಿಂಜರಿಯುವ ನವಲಗುಂದ, ಹಾನಗಲ್ಲಿನ ಹುಡುಗಿಯ ಪ್ರಶ್ನೆಯೂ ಬರುತ್ತದೆ. ಭಾಷಣ ಮಾಡುವವರಿಗೆ ಕಾಗದ ಸಾಲದು. ಆದರೆ ಧಾರವಾಡದ ಹಿರಿಯ ಕೇಳುಗರಿಗೆ ಎದ್ದು ಮಾತಾಡುವುದೂ ಕೇಳುವುದರ ಭಾಗ, ಅವರಿಗೆ ಚೀಟಿ ಕೊಟ್ಟರೆ ಮುನಿಸು. ಕೊನೆಗೆ ಮೊದಲ ಹನ್ನೆರಡು ನಿಮಿಷ ಚೀಟಿ, ಉಳಿದ ಎಂಟು ನಿಮಿಷ ಮೈಕು, ಮೈಕು ಸ್ವಯಂಸೇವಕನ ಕೈಯಲ್ಲೇ ಇರಬೇಕು ಎಂದಾಯಿತು. ಕೇಳುವವರ ಕೈಗೆ ಕೊಟ್ಟ ಮೈಕು ವಾಪಸು ಬರುವುದಿಲ್ಲ.

ಧ್ವನಿ

ನಿಯತಕಾಲಿಕೆ ವಿಭಾಗಕ್ಕೆ ನಯವಾದ ಕಲ್ಲಿನ ನೆಲ, ಎತ್ತರದ ಚಾವಣಿ, ಗಾಜಿನ ಕಿಟಕಿ. ಧ್ವನಿ ಮರಳಿ ಬಂದು ಅಕ್ಷರ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಹಿಂದಿನಿಂದ 'ಕೇಳಸವಲ್ತ್ರೀ' ಎಂಬ ಕೂಗು ಬಂದೊಡನೆ ಆಪರೇಟರು ಧ್ವನಿ ಏರಿಸುತ್ತಾನೆ. ಏರಿಸಿದಷ್ಟೂ ಮಾತು ಕಲಸಿಹೋಗುತ್ತದೆ. ಸಮಸ್ಯೆ ಧ್ವನಿ ಕಡಿಮೆ ಇರುವುದಲ್ಲ, ಸ್ಪಷ್ಟವಾಗಿಲ್ಲದಿರುವುದು. ಎರಡು ದೊಡ್ಡ ಸ್ಪೀಕರ್ ಮುಂದೆ ನಿಲ್ಲಿಸುವ ಬದಲು ನಾಲ್ಕು ಸಣ್ಣವನ್ನು ಎರಡನೆಯ ಮತ್ತು ಐದನೆಯ ಸಾಲಿನ ಪಕ್ಕದಲ್ಲಿ ಇಟ್ಟು, ಒಂದೊಂದನ್ನೂ ಸಣ್ಣ ದನಿಯಲ್ಲಿ ಬಿಟ್ಟರು. ಕಿಟಕಿಗೆ ದಪ್ಪ ಪರದೆ, ನಡುದಾರಿಗೆ ಜಮಖಾನ. ಲೇಖಕರಿಗೆ ಕೊರಳಪಟ್ಟಿಯ ಮೈಕು. ಪೋಡಿಯಂ ಮೈಕಾದರೆ ಪುಸ್ತಕ ಓದಲು ತಲೆ ಬಗ್ಗಿಸಿದಾಗಲೆಲ್ಲ ದನಿ ಹೋಗುತ್ತದೆ. ಮೈಕಿನ ಮುಖ ಎಂದೂ ಸ್ಪೀಕರಿನ ಕಡೆ ಇರಬಾರದು, ಕುಂಯ್‌ಗುಡುವುದಕ್ಕೆ ಅದೇ ಕಾರಣ.

ರೆಕಾರ್ಡಿಂಗನ್ನು ಮಿಕ್ಸರಿನ ಔಟ್‌ನಿಂದಲೇ ರೆಕಾರ್ಡರಿಗೆ ಎಳೆಯಬೇಕು. ರೆಕಾರ್ಡರಿನ ಇನ್‌ಪುಟ್ಟನ್ನು ಲೈನ್‌ಗೆ ಇಡದೆ ಮೈಕಿಗೆ ಬಿಟ್ಟರೆ ಇಡೀ ಮಾತು ಒಡಕಲಾಗಿ ಬರುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡದು. ಮಟ್ಟದ ಮುಳ್ಳು ಮೈನಸ್ 12 ಡೆಸಿಬಲ್ ಸುತ್ತ ಆಡುತ್ತಿದ್ದರೆ ಸಾಕು. ನಕ್ಕಾಗ, ಚಪ್ಪಾಳೆಗೆ ಮೇಲೆ ಜಾಗ ಉಳಿಯುತ್ತದೆ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್ ಕಡತ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಮೋನೋ ಅದರ ಅರ್ಧ. ಒಂದೇ ದನಿಗೆ ಮೋನೋ ಧಾರಾಳ. ಜೊತೆಗೆ ಮುಂದಿನ ಮೇಜಿನ ಮೇಲೆ ಒಂದು ಮೊಬೈಲ್, ಏರೋಪ್ಲೇನ್ ಮೋಡಿನಲ್ಲಿ. ಕರೆ ಬಂದು ರೆಕಾರ್ಡಿಂಗ್ ನಿಂತುಹೋಗಬಾರದು. ಮಿಕ್ಸರ್, ರೆಕಾರ್ಡರ್ ಎರಡೂ ಯುಪಿಎಸ್ ಮೇಲೆ. ಕರೆಂಟು ಹೋಗಿ ಜನರೇಟರ್ ಹತ್ತುವ ಕೆಲವು ಸೆಕೆಂಡಿನಲ್ಲಿ ರೆಕಾರ್ಡರ್ ಆರಿದರೆ ತೆರೆದಿದ್ದ ಕಡತವೇ ಕೆಡಬಹುದು.

ಒಪ್ಪಿಗೆ ಪತ್ರ, ಬಿಲ್ಲು

ಮೊದಲ ಸಲ ರೆಕಾರ್ಡಿಂಗಿಗೆ ಬಾಯಿಮಾತಿನ ಒಪ್ಪಿಗೆಯಷ್ಟೇ ಇತ್ತು. ಕಾನೂನು ಇದಕ್ಕಿಂತ ಬಿಗಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ 'ಪ್ರದರ್ಶಕ' ಎಂಬುದರ ವ್ಯಾಖ್ಯೆಯೊಳಗೆ ನಟ, ಗಾಯಕ, ಹಾವಾಡಿಗರ ಜೊತೆ ಉಪನ್ಯಾಸ ಕೊಡುವವರೂ ಬರುತ್ತಾರೆ. ಅವರ ಮಾತನ್ನು ಧ್ವನಿ ಅಥವಾ ದೃಶ್ಯವಾಗಿ ಮುದ್ರಿಸಿಕೊಳ್ಳುವ ಹಕ್ಕು ಅವರದೇ, 50 ವರ್ಷಗಳ ಕಾಲ. ಸಾರ್ವಜನಿಕವಾಗಿ ಮಾಡಿದ ಭಾಷಣದ ಕೃತಿಸ್ವಾಮ್ಯದ ಮೊದಲ ಒಡೆಯರೂ, ಬೇರೆಯವರ ಪರವಾಗಿ ಮಾತಾಡದಿದ್ದರೆ, ಭಾಷಣ ಮಾಡಿದವರೇ, ಸಭೆ ಏರ್ಪಡಿಸಿದವರಲ್ಲ. ಅನುಮತಿ ಬರಹದಲ್ಲಿರಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಕಾಯ್ದೆ ಹಿಡಿಯುತ್ತದೆ. 'ರೆಕಾರ್ಡ್ ಮಾಡಲು ನನ್ನ ಒಪ್ಪಿಗೆಯಿದೆ' ಎಂಬ ಒಂದು ಸಾಲಿನ ಮೇಲೆ ಅಂತರ್ಜಾಲಕ್ಕೆ ಏರಿಸಿದ ರೆಕಾರ್ಡಿಂಗು ಐದು ವರ್ಷದ ಮೇಲೆ ಆಧಾರವಿಲ್ಲದೆ ನಿಲ್ಲುವುದು ಹೀಗೆ.

ಹೊಸ ಪತ್ರ ಒಂದೇ ಪುಟದ್ದು, ಕನ್ನಡದಲ್ಲಿ. ಧ್ವನಿ ಮಾತ್ರವೋ ದೃಶ್ಯವೂ ಸೇರಿಯೋ, ಗ್ರಂಥಾಲಯದ ಒಳಗೆ ಕೇಳಲೋ, ಜಗತ್ತಿಗೆಲ್ಲ ತೆರೆದಿಡಲೋ, ಎಷ್ಟು ವರ್ಷ, ಕತ್ತರಿಸುವ ಮೊದಲು ತೋರಿಸಬೇಕೋ. ಪುಸ್ತಕದಿಂದ ಓದುವ ಭಾಗಕ್ಕೆ ಬೇರೆ ಸಾಲು ಬೇಕು. ಪ್ರಕಟಿತ ಕೃತಿಯ ಹಿತಮಿತ ಭಾಗವನ್ನು ಸಭೆಯಲ್ಲಿ ಓದುವುದಕ್ಕೆ 52ನೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ಅದನ್ನು ಮುದ್ರಿಸಿ ಶಾಶ್ವತವಾಗಿ ಹಂಚುವುದು ಬೇರೆ ಮಾತು, ಆಡಿಯೋ ಹಕ್ಕು ಪ್ರಕಾಶಕರಿಗೆ ಹೋಗಿದ್ದರೆ ಲೇಖಕರ ಸಹಿ ಸಾಲದು. ಪತ್ರವನ್ನು ಆಹ್ವಾನದ ಜೊತೆಗೇ ಕಳಿಸಬೇಕು. ಚಹಾ ಕುಡಿಯುತ್ತಿರುವವರ ಮುಂದೆ ಕಾಗದ ಹಿಡಿದರೆ ಓದದೆ ಸಹಿ ಹಾಕುತ್ತಾರೆ, ಇಲ್ಲವೆ ಸಂಕೋಚದಿಂದ ಒಪ್ಪುತ್ತಾರೆ, ಎರಡೂ ಒಪ್ಪಿಗೆಯಲ್ಲ.

ಗೌರವಧನ ನಾಲ್ಕು ತಿಂಗಳು ಎಳೆದದ್ದಕ್ಕೆ ದುರುದ್ದೇಶ ಯಾರದ್ದೂ ಇರಲಿಲ್ಲ. ಪ್ಯಾನ್ ಪ್ರತಿ ಕೇಳಿರಲಿಲ್ಲ, ಪಾಸ್‌ಬುಕ್ ಪುಟ ಬಂದಿರಲಿಲ್ಲ, ಟ್ಯಾಕ್ಸಿಯವನ ಬಿಲ್ಲಿನಲ್ಲಿ ಹೊರಟ ಮತ್ತು ತಲುಪಿದ ಕಿಲೋಮೀಟರ್ ಇರಲಿಲ್ಲ. ಕಡತ ಹಣಕಾಸು ಅಧಿಕಾರಿಗಳ ಕಚೇರಿಯಿಂದ ಒಂದೊಂದು ಆಕ್ಷೇಪಣೆಗೆ ಒಂದೊಂದು ಸಲ ಮರಳಿತು. ಎರಡನೆಯ ಸಲ ಒಪ್ಪಿಗೆ ಪತ್ರದ ಬೆನ್ನಿಗೇ ಈ ಎಲ್ಲದರ ಪಟ್ಟಿ ಹೋಯಿತು. ತೆರಿಗೆ ಕಡಿತವಾಗುವುದಿದ್ದರೆ ಎಷ್ಟೆಂದು ಮೊದಲೇ ತಿಳಿಸಿದರು. ರೈಲು ಟಿಕೆಟ್ ಗ್ರಂಥಾಲಯವೇ ತೆಗೆಯಿತು. ಹಿರಿಯ ಲೇಖಕರಿಂದ ಮೊದಲು ಖರ್ಚು ಮಾಡಿಸಿ ಆಮೇಲೆ ಕೊಡುವ ಪದ್ಧತಿ ಸರ್ಕಾರಿ ನೌಕರರಿಗೆ ಸರಿ, ಅತಿಥಿಗಳಿಗಲ್ಲ.

ನಡೆದದ್ದು, ಉಳಿದದ್ದು

ಶುರುವಾದದ್ದು 4:36ಕ್ಕೆ. ಪತ್ರಿಕೆಗಳ 'ನಗರದಲ್ಲಿ ಇಂದು' ಅಂಕಣಕ್ಕೆ ಎರಡು ದಿನ ಮೊದಲು ಯೂನಿಕೋಡಿನಲ್ಲೂ ನುಡಿಯಲ್ಲೂ ಸುದ್ದಿ ಕಳಿಸಿದ್ದರಿಂದ ಊರಿನವರು ನಿರೀಕ್ಷೆ ಮೀರಿ ಬಂದರು; ಕುರ್ಚಿ ಸಾಲದೆ ಇಪ್ಪತ್ತರಷ್ಟು ವಿದ್ಯಾರ್ಥಿಗಳು ಕಪಾಟಿಗೆ ಒರಗಿ ನಿಂತರು. ಹಿರಿಯರು 4 ಗಂಟೆಗೇ ಬಂದು ಮುಂದಿನ ಸಾಲು ಹಿಡಿದದ್ದರಿಂದ ಮೊದಲೆರಡು ಸಾಲಿನಲ್ಲಿ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ. ಇದಕ್ಕೆ ಉಪಾಯವಿದೆ: ಎಡಭಾಗದ ಐದು ಸಾಲನ್ನು ಪುಸ್ತಕ ಎರವಲು ಪಡೆದವರಿಗೆ ಕಾಯ್ದಿಡುವುದು. ಮುಂದಿನ ಸಲಕ್ಕೆ ಅದನ್ನೇ ಗೊತ್ತುಮಾಡಿದ್ದಾರೆ. ಚೀಟಿಗಳಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಶ್ನೆ ಬಂದವು, ಕೇಳಲಾದದ್ದು ಆರು. ಉಳಿದವನ್ನು ಲೇಖಕರು ಒಯ್ದು ಕೆಲವಕ್ಕೆ ಬರೆದು ಉತ್ತರಿಸಿದರು. ಅವು ಈಗ ರೆಕಾರ್ಡಿಂಗಿನ ಜೊತೆ ಸಂಗ್ರಹದಲ್ಲಿವೆ.

ರೆಕಾರ್ಡಿಂಗಿಗೂ ಪುಸ್ತಕದಂತೆಯೇ ದಾಖಲೆ ಆಯಿತು. ಗ್ರಂಥಾಲಯ ದಾಖಲೆಗಳಿಗೆ ಬಳಸುವ ಮಾರ್ಕ್ ನಮೂನೆಯ 511ನೇ ಕ್ಷೇತ್ರದಲ್ಲಿ ಮಾತಾಡಿದವರು, 518ರಲ್ಲಿ ದಿನಾಂಕ ಮತ್ತು ಸ್ಥಳ, 520ರಲ್ಲಿ ಸಾರಾಂಶ, 540ರಲ್ಲಿ ಒಪ್ಪಿಗೆ ಪತ್ರದ ಷರತ್ತು, 856ರಲ್ಲಿ ಡಿ-ಸ್ಪೇಸ್ ಎಂಬ ಡಿಜಿಟಲ್ ಸಂಗ್ರಹದ ಕೊಂಡಿ. ಈಗ ಲೇಖಕರ ಹೆಸರು ಹುಡುಕಿದರೆ ಹನ್ನೊಂದು ಪುಸ್ತಕದ ಜೊತೆ ಅವರ ದನಿಯೂ ಬರುತ್ತದೆ. ಸಾರಾಂಶ ಬರೆಯಲು ಪತ್ರಿಕೋದ್ಯಮ ವಿಭಾಗದ ವಿದ್ಯಾರ್ಥಿಗೆ ಒಪ್ಪಿಸಿದರು. ಹತ್ತು ನಿಮಿಷಕ್ಕೊಂದರಂತೆ ಸಮಯ ಗುರುತು ಹಾಕಿಸಿದ್ದು ಒಳ್ಳೆಯದಾಯಿತು. ಒಂದೂವರೆ ಗಂಟೆಯ ಕಡತವನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ಸಂಶೋಧಕರಿಗಿಲ್ಲ.

ಬಗೆಹರಿಯದೆ ಉಳಿದದ್ದು ಹೊರಗಿನ ಓದುಗರ ಪ್ರಶ್ನೆ. ಮಾತು ಕೇಳಿ ಪುಸ್ತಕ ಬೇಕೆಂದ ಊರಿನವರಿಗೆ ವಿಶ್ವವಿದ್ಯಾಲಯದ ನಿಯಮದಂತೆ ಎರವಲು ಇಲ್ಲ. ಹೊರಗೆ ಪುಸ್ತಕ ಮಾರಾಟಗಾರರ ಮೇಜಿತ್ತು, ಹತ್ತರಲ್ಲಿ ಒಬ್ಬರು ಕೊಳ್ಳುತ್ತಾರೆಂದು ಲೆಕ್ಕ ಹಿಡಿದು, ಉಳಿದರೆ ಮರಳಿಸುವ ಕರಾರಿನ ಮೇಲೆ ತಂದ ಪ್ರತಿಗಳು ಸಹಿ ಹಾಕುವ ಮೊದಲೇ ಮುಗಿದವು. ಅಚ್ಚಿನಲ್ಲಿಲ್ಲದ ಹಳೆಯ ಕಾದಂಬರಿಗಳಂತೂ ಗ್ರಂಥಾಲಯದಲ್ಲಿ ಮಾತ್ರ ಇವೆ. ಗ್ರಂಥಪಾಲಕರು ಕೊಟ್ಟಿರುವ ಸಲಹೆ ಸರಳ: ಗುರುತಿನ ಚೀಟಿ ತೋರಿಸಿದವರಿಗೆ ಒಂದು ತಿಂಗಳ ವಾಚನ ಪಾಸು, ಒಳಗೇ ಕೂತು ಓದಲು, ಬೆಳಿಗ್ಗೆ 10ರಿಂದ ಮಧ್ಯಾಹ್ನ 2, ಪರೀಕ್ಷೆಗೆ ಓದುವವರ ನೂಕುನುಗ್ಗಲು ಆಗ ಕಡಿಮೆ. ಠೇವಣಿ ಎಷ್ಟು ಎಂಬಲ್ಲಿ ಕಡತ ಗ್ರಂಥಾಲಯ ಸಮಿತಿಯ ಮುಂದಿದೆ.